ರನ್‌ವೇ ದುರಸ್ತಿ ಮತ್ತು ದಂಡೆ ರಕ್ಷಣೆ: ನೀರನ್ನು ಹೊರಹಾಕುವುದೇ ಮೊದಲ ಕೆಲಸ

ಮೈಸೂರು: ಒಂಟಿಕೊಪ್ಪಲ್, ವಿ.ವಿ. ಮೊಹಲ್ಲಾ ಕಡೆಯಿಂದ ನಂಜನಗೂಡು ರಸ್ತೆಯ ಮಂಡಕಳ್ಳಿಗೆ ತೆರಳುವ ಪ್ರಯಾಣಿಕರ ಗಮನ ಸಹಜವಾಗಿ ವಿಮಾನ ನಿಲ್ದಾಣದ ಕಟ್ಟಡದ ಮೇಲಿರುತ್ತದೆ. ಆದರೆ ಯಾವುದೇ ವಿಮಾನ ನಿಲ್ದಾಣದ ಆಯುಷ್ಯವನ್ನು ನಿರ್ಧರಿಸುವುದು ರನ್‌ವೇ ಹಾಗೂ ಅದರ ಸುತ್ತಲಿನ ಮಣ್ಣು. ಇವೆರಡಕ್ಕೂ ನೀರೇ ಮುಖ್ಯ ಶತ್ರು.

ನವೀಕೃತ ಮಂಡಕಳ್ಳಿ ನಿಲ್ದಾಣವು 2010ರ ಮೇ 15ರಂದು ಉದ್ಘಾಟನೆಗೊಂಡಿತು. ಅದರ ರನ್‌ವೇಯನ್ನು 1,740 ಮೀಟರ್ ಉದ್ದ, 30 ಮೀಟರ್ ಅಗಲಕ್ಕೆ ನಿರ್ಮಿಸಲಾಯಿತು. ಇಂತಹ ಒಂದೇ ರನ್‌ವೇ ಇರುವ ನಿಲ್ದಾಣದಲ್ಲಿ ಮೇಲ್ಮೈ ಕೆಟ್ಟರೆ ಬದಲಿ ವ್ಯವಸ್ಥೆ ಇರುವುದಿಲ್ಲ, ಸೇವೆಯೇ ಸ್ಥಗಿತಗೊಳ್ಳುತ್ತದೆ.

ಸವೆತ ಹೇಗೆ?

ಬಿಸಿಲಿಗೆ ಡಾಂಬರು ಒಣಗಿ ಬಿರುಕು ಬಿಡುತ್ತದೆ. ಬಿರುಕಿನಿಂದ ಇಳಿದ ನೀರು ಕೆಳಗಿನ ಜಲ್ಲಿ ಮತ್ತು ಮಣ್ಣಿನ ಪದರವನ್ನು ಸಡಿಲಗೊಳಿಸುತ್ತದೆ. ಮೇಲೆದ್ದ ಸಣ್ಣ ಕಲ್ಲು ಎಂಜಿನ್ ಸೇರಿದರೆ ಅಪಾಯ ತಪ್ಪಿದ್ದಲ್ಲ. ಇಳಿಯುವ ವಿಮಾನದ ಚಕ್ರಗಳಿಂದ ಅಂಟುವ ರಬ್ಬರು ಮಳೆಗಾಲದಲ್ಲಿ ಜಾರಿಕೆಗೆ ಕಾರಣವಾಗುತ್ತದೆ.

ದುರಸ್ತಿ ಕ್ರಮ

ಸಣ್ಣ ಬಿರುಕುಗಳನ್ನು ಶುಚಿಗೊಳಿಸಿ ಡಾಂಬರು ಮಿಶ್ರಣದಿಂದ ಮುಚ್ಚಲಾಗುತ್ತದೆ. ಕಿತ್ತುಹೋದ ಭಾಗವನ್ನು ಚೌಕಾಕಾರವಾಗಿ ಕತ್ತರಿಸಿ, ಗಟ್ಟಿ ಪದರ ಸಿಗುವವರೆಗೆ ತೆಗೆದು, ಬಿಸಿ ಮಿಶ್ರಣ ತುಂಬಿ ರೋಲರ್ ಹಾಯಿಸಲಾಗುತ್ತದೆ. ರಬ್ಬರನ್ನು ಅಧಿಕ ಒತ್ತಡದ ನೀರಿನಿಂದ ತೊಳೆಯಲಾಗುತ್ತದೆ. ಸವೆತ ವ್ಯಾಪಕವಾಗಿದ್ದರೆ ಇಡೀ ರನ್‌ವೇಗೆ ಹೊಸ ಪದರ ಅನಿವಾರ್ಯ. ಅಡ್ಡ ಇಳಿಜಾರನ್ನು ಸರಿಯಾಗಿ ಉಳಿಸಿಕೊಳ್ಳದಿದ್ದರೆ ಹೊಸ ಪದರದ ಮೇಲೂ ನೀರು ನಿಲ್ಲುತ್ತದೆ.

ಮಂಗಳೂರಿನಲ್ಲಿ 2006ರಲ್ಲಿ ಬಳಕೆಗೆ ಬಂದ 2,450 ಮೀಟರ್ ಉದ್ದದ ಕಾಂಕ್ರೀಟ್ ರನ್‌ವೇ ಮೇಲೆ ಡಾಂಬರು ಪದರ ಹಾಸುವ ಕಾಮಗಾರಿ 2023ರ ಜನವರಿ 27ರಂದು ಆರಂಭವಾಯಿತು. ಹಗಲು ಹೊತ್ತು ರನ್‌ವೇ ಮುಚ್ಚಿ, ಸಂಜೆಯ ನಂತರ ವಿಮಾನ ಸಂಚಾರಕ್ಕೆ ತೆರೆಯಲಾಗುತ್ತಿತ್ತು.

ದಂಡೆ ಕೊರೆತ ತಡೆ

ನದಿ, ಹಳ್ಳಗಳ ಸಮೀಪದ ನಿಲ್ದಾಣಗಳಿಗೆ ಅಪಾಯ ಪಕ್ಕದಿಂದಲೂ ಬರುತ್ತದೆ. 2018ರ ಆಗಸ್ಟ್‌ನಲ್ಲಿ ಪೆರಿಯಾರ್ ನದಿ ಉಕ್ಕಿ ಕೊಚ್ಚಿ ವಿಮಾನ ನಿಲ್ದಾಣ ಜಲಾವೃತವಾಯಿತು. ಸುಮಾರು ಎರಡೂವರೆ ಕಿ.ಮೀ. ಆವರಣ ಗೋಡೆ ಕುಸಿಯಿತು. ಆಗಸ್ಟ್ 15ರಂದು ನಿಂತ ವಿಮಾನ ಸಂಚಾರ ಪುನರಾರಂಭವಾದದ್ದು 29ರಂದು.

ಪ್ರವಾಹವು ಸಾಮಾನ್ಯವಾಗಿ ದಂಡೆಯ ಬುಡವನ್ನು ಮೊದಲು ಕೊರೆಯುತ್ತದೆ. ಆಸರೆ ತಪ್ಪಿದ ಮೇಲ್ಭಾಗ ತಾನಾಗಿ ಕುಸಿಯುತ್ತದೆ. ಆದ್ದರಿಂದ ರಕ್ಷಣೆ ಬುಡದಿಂದಲೇ ಆರಂಭವಾಗಬೇಕು. ಕಲ್ಲು ತುಂಬಿದ ತಂತಿಬಲೆಯ ಪೆಟ್ಟಿಗೆಗಳನ್ನು ಜೋಡಿಸಿ, ಹಿಂಬದಿಗೆ ನೀರನ್ನು ಬಿಟ್ಟು ಮಣ್ಣನ್ನು ತಡೆಯುವ ಹಾಸು ಹಾಕುವುದು ರೂಢಿಯಲ್ಲಿರುವ ಕ್ರಮ. ಇಳಿಜಾರಿನಲ್ಲಿ ಆಳಕ್ಕೆ ಬೇರಿಳಿಸುವ ಲಾವಂಚ ಉಪಯುಕ್ತ. ಎತ್ತರದ ಮರಗಳನ್ನು ಬೆಳೆಸುವುದು ಸಲ್ಲದು. ಅವು ವಿಮಾನಕ್ಕೆ ಅಡ್ಡಿಯಾಗುವುದಲ್ಲದೆ ಹಕ್ಕಿಗಳನ್ನೂ ಸೆಳೆಯುತ್ತವೆ.

ರನ್‌ವೇಯಿಂದ ಹರಿದ ನೀರನ್ನು ಚರಂಡಿಯ ಮೂಲಕ ದಂಡೆಯ ಬುಡದವರೆಗೆ ಇಳಿಸದೆ ಅರ್ಧಕ್ಕೆ ಬಿಟ್ಟರೆ, ನಿಲ್ದಾಣದ ನೀರೇ ದಂಡೆಯನ್ನು ಕೊರೆಯುತ್ತದೆ. ಮಂಡಕಳ್ಳಿ ರನ್‌ವೇಯನ್ನು 2,750 ಮೀಟರಿಗೆ ವಿಸ್ತರಿಸುವ ಯೋಜನೆ ರೂಪುಗೊಂಡಿದೆ. ಉದ್ದ ಹೆಚ್ಚಿದಷ್ಟೂ ಹೊರಹಾಕಬೇಕಾದ ಮಳೆನೀರೂ ಹೆಚ್ಚುತ್ತದೆ. ಡಾಂಬರಿನಷ್ಟೇ ಗಮನ ಚರಂಡಿಗೂ ಸಲ್ಲಬೇಕಾದುದು ಈ ಕಾರಣದಿಂದಲೇ.