ಟ್ಯೂರಿನ್ನಿನಲ್ಲಿ ಒಂದು ಓಟ

ಒಲಿಂಪಿಕ್ ಕ್ರೀಡೆಗಳ ಕತೆ ನಮ್ಮ ಓದುಗರಲ್ಲಿ ಬಹುಮಂದಿಗೆ ತಿಳಿದದ್ದೇ. ಆದರೆ ಅದರ ನೆರಳಿನಲ್ಲಿಯೇ, ಎರಡು ಮಹಾಯುದ್ಧಗಳ ನಡುವಣ ಇಪ್ಪತ್ತು ವರ್ಷಗಳಲ್ಲಿ, ಯೂರೋಪಿನಲ್ಲಿ ಇನ್ನೊಂದು ಕೂಟ ಹುಟ್ಟಿ, ಬೆಳೆದು, ಕೊನೆಗೆ ಎರಡಾಗಿ ಸೀಳಿಹೋಯಿತೆಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಅದು ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳ ಕೂಟ.

ಮೊದಲ ಮಹಾಯುದ್ಧದಲ್ಲಿ ಯೂರೋಪಿನ ಕಾಲೇಜುಗಳು ಬರಿದಾಗಿದ್ದುವು. ಒಂದು ತಲೆಮಾರಿನ ವಿದ್ಯಾರ್ಥಿಗಳು ಕಂದಕಗಳಲ್ಲಿ ಮಣ್ಣಾದರು. ಬದುಕಿ ಬಂದವರು 1919ರಲ್ಲಿ ಸ್ಟ್ರಾಸ್‌ಬರ್ಗ್ ನಗರದಲ್ಲಿ ಸೇರಿ ಅಂತರರಾಷ್ಟ್ರೀಯ ವಿದ್ಯಾರ್ಥಿ ಒಕ್ಕೂಟವೊಂದನ್ನು ಕಟ್ಟಿದರು. ಸೇರಿದ ಊರನ್ನು ಗಮನಿಸಬೇಕು. ಹಿಂದಿನ ವರ್ಷದವರೆಗೆ ಅದು ಜರ್ಮನಿಯದು, ಈಗ ಫ್ರಾನ್ಸಿನದು. ಗೆದ್ದವರ ಮನೆಯಲ್ಲಿ ಕೂಡಿದ ಸಭೆಯದು. ಸೋತವರಿಗೆ ಅಲ್ಲಿ ಮಣೆ ಹಾಕಿರಲಿಲ್ಲ. ಸ್ನೇಹದ ಮಾತಿಗೆ ಆಗಲೇ ಅಷ್ಟು ಮಿತಿಯಿತ್ತು.

ಆದರೂ ಫ್ರಾನ್ಸಿನ ಜಾಂ ಪೆತಿಜಾಂ ಎಂಬಾತ ಸುಮ್ಮನೆ ಕೂರಲಿಲ್ಲ. ಸಭೆಗಳಲ್ಲಿ ಠರಾವು ಮಾಡಿ ಫಲವಿಲ್ಲ, ಹುಡುಗರನ್ನು ಒಂದೇ ಮೈದಾನದಲ್ಲಿ ಓಡಿಸಬೇಕೆಂಬುದು ಆತನ ಹಟ. 1923ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಕೂಟ ಜರುಗಿತು. ಓಟ, ಜಿಗಿತ, ಎಸೆತಗಳಷ್ಟೇ ಅಲ್ಲಿದ್ದುದು. ಮರುವರ್ಷ ವಾರ್ಸಾ, 1927ರಲ್ಲಿ ರೋಮ್, 1928ರಲ್ಲಿ ಮತ್ತೆ ಪ್ಯಾರಿಸ್. 1928ರಿಂದ ಹಿಮದ ಆಟಗಳಿಗೂ ಬೇರೆ ಕೂಟ ಏರ್ಪಟ್ಟಿತು. 1930ರಲ್ಲಿ ಕೂಟ ಜರ್ಮನಿಯ ಡಾರ್ಮ್‌ಸ್ಟಾಟ್ ನಗರಕ್ಕೇ ಬಂದಿತೆಂದರೆ, ಹನ್ನೊಂದು ವರ್ಷಗಳಲ್ಲಿ ಸ್ಟ್ರಾಸ್‌ಬರ್ಗಿನ ಹಗೆ ಎಷ್ಟೋ ಕರಗಿತ್ತೆಂದೇ ಹೇಳಬೇಕು.

ಹುಡುಗರ ಆಟವೆಂದು ಇದನ್ನು ಹಗುರವಾಗಿ ಎಣಿಸಬಾರದು. ಆಗ ಆಟದಿಂದ ಹಣ ಪಡೆಯುವುದು ಅಪರಾಧ. 1930ರಲ್ಲಿ 1500 ಮೀಟರನ್ನು 3 ನಿಮಿಷ 49.2 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದ ಫ್ರಾನ್ಸಿನ ಲಾದುಮೆಗ್‌ಗೆ, ಹಣ ಮುಟ್ಟಿದನೆಂದು 1932ರಲ್ಲಿ ಬಹಿಷ್ಕಾರ ಹಾಕಿದರು. ಹಣವಿಲ್ಲದೆ, ಬಿಡುವಿನಿಂದ ಅಭ್ಯಾಸ ಮಾಡಬಲ್ಲವರು ಯಾರು? ಉಳ್ಳವರ ಮನೆಯ ವಿದ್ಯಾರ್ಥಿಗಳು. ಕಾರ್ಖಾನೆಯ ಕೆಲಸಗಾರರು ಇದನ್ನು ಚೆನ್ನಾಗಿ ಅರಿತೇ ತಮ್ಮದೇ ಬೇರೆ ಒಲಿಂಪಿಕ್ ಕೂಟಗಳನ್ನು ನಡೆಸುತ್ತಿದ್ದರು. ಅದು ಬೇರೆಯೇ ಕತೆ.

1933ರ ಸೆಪ್ಟೆಂಬರಿನಲ್ಲಿ ವಿದ್ಯಾರ್ಥಿಗಳು ಇಟಲಿಯ ಟ್ಯೂರಿನ್ನಿನಲ್ಲಿ ಸೇರಿದರು. ಕ್ರೀಡಾಂಗಣ ಹೊಚ್ಚಹೊಸದು, ಅದಕ್ಕಿಟ್ಟ ಹೆಸರು ಮುಸೊಲಿನಿಯದು. ಒಂಬತ್ತನೆಯ ತಾರೀಖಿನ 1500 ಮೀಟರ್ ಓಟದಲ್ಲಿ ಎಲ್ಲರ ಕಣ್ಣೂ ಇಬ್ಬರ ಮೇಲೆ. ಒಬ್ಬ ಇಟಲಿಯ ಲೂಯಿಜಿ ಬೆಕ್ಕಾಲಿ. ಹಿಂದಿನ ವರ್ಷ ಲಾಸ್ ಏಂಜಲೀಸಿನಲ್ಲಿ ಇದೇ ಓಟದಲ್ಲಿ ಒಲಿಂಪಿಕ್ ಚಿನ್ನ ಗೆದ್ದು, ಪೀಠದ ಮೇಲೆ ನಿಂತು ಕೈ ನೀಡಿ ಫ್ಯಾಸಿಸ್ಟ್ ವಂದನೆ ಸಲ್ಲಿಸಿದ್ದವನು. ಇನ್ನೊಬ್ಬ ನ್ಯೂಜಿಲೆಂಡಿನ ಜ್ಯಾಕ್ ಲವ್‌ಲಾಕ್, ಆಕ್ಸ್‌ಫರ್ಡಿನಲ್ಲಿ ವೈದ್ಯ ಓದುತ್ತಿದ್ದ ತೆಳ್ಳನೆಯ ಯುವಕ. ಆತ ಲಾಸ್ ಏಂಜಲೀಸಿನಲ್ಲಿ ಏಳನೆಯವನಾಗಿದ್ದ. ಆದರೆ 1933ರ ಜುಲೈಯಲ್ಲಿ ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಮೈಲಿಯನ್ನು 4 ನಿಮಿಷ 7.6 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆಯನ್ನು ಕೈವಶ ಮಾಡಿಕೊಂಡು ಬಂದಿದ್ದ.

ಗೆದ್ದವನು ಬೆಕ್ಕಾಲಿ. ಕಾಲ 3 ನಿಮಿಷ 49.2 ಸೆಕೆಂಡು; ಬಹಿಷ್ಕೃತ ಲಾದುಮೆಗ್‌ನ ದಾಖಲೆಗೆ ಸರಿಸಮ. ಎಂಟು ದಿನಗಳ ಮೇಲೆ ಮಿಲಾನಿನಲ್ಲಿ ಅದನ್ನೂ ಮುರಿದ. ತನ್ನ ಹೆಸರಿನ ಅಂಗಣದಲ್ಲಿ ತನ್ನ ದೇಶದವನು ಜಗತ್ತನ್ನು ಮೀರಿಸಿದನೆಂದರೆ ಸರ್ವಾಧಿಕಾರಿಗೆ ಇನ್ನೇನು ಬೇಕು!

ಲವ್‌ಲಾಕ್ ತನ್ನ ಓಟಗಳನ್ನೆಲ್ಲ ದಿನಚರಿಯಲ್ಲಿ ಬರೆದು ಪರೀಕ್ಷಿಸುತ್ತಿದ್ದ ಸ್ವಭಾವದವನು. 1936ರ ಆಗಸ್ಟ್ 6ರಂದು ಬರ್ಲಿನ್ನಿನ ಒಲಿಂಪಿಕ್ ಕೂಟದಲ್ಲಿ ಇಬ್ಬರೂ ಮತ್ತೆ ಎದುರಾದರು. ಯಾರೂ ನಿರೀಕ್ಷಿಸದಷ್ಟು ಮುಂಚಿತವಾಗಿ, ಇನ್ನೂ ಮುನ್ನೂರು ಮೀಟರ್ ಇರುವಾಗಲೇ, ಲವ್‌ಲಾಕ್ ಮುನ್ನುಗ್ಗಿದ. 3 ನಿಮಿಷ 47.8 ಸೆಕೆಂಡು, ಹೊಸ ವಿಶ್ವದಾಖಲೆ. ಬೆಕ್ಕಾಲಿಗೆ ಮೂರನೆಯ ಸ್ಥಾನ. ಆ ಜಾಣ್ಮೆಯ ಬೀಜ ಟ್ಯೂರಿನ್ನಿನ ಸೋಲಿನಲ್ಲಿತ್ತೆಂದು ನನ್ನ ಊಹೆ.

ವಿದ್ಯಾರ್ಥಿ ಕೂಟವೇನೋ 1935ರಲ್ಲಿ ಬುಡಾಪೆಸ್ಟ್‌ನಲ್ಲೂ 1937ರಲ್ಲಿ ಪ್ಯಾರಿಸ್ಸಿನಲ್ಲೂ ನಡೆಯಿತು. ಆದರೆ 1938ರ ಮಾರ್ಚಿನಲ್ಲಿ ಹಿಟ್ಲರ್ ಆಸ್ಟ್ರಿಯವನ್ನು ನುಂಗಿದ. 1939ರ ಆಗಸ್ಟಿಗೆ ಒಕ್ಕೂಟದ ಕೂಟ ಮೊನಾಕೊದಲ್ಲಿ ಗೊತ್ತಾದರೆ, ಜರ್ಮನಿ ಅದನ್ನು ಬಿಟ್ಟು ವಿಯೆನ್ನಾದಲ್ಲಿ ತನ್ನದೇ ಕೂಟವನ್ನು ನಡೆಸಿತು. ಒಂದೇ ತಿಂಗಳು, ಎರಡು ಊರು, ಎರಡು ‘ವಿಶ್ವ’ ವಿದ್ಯಾರ್ಥಿ ಕೂಟಗಳು! ವಿಯೆನ್ನಾದ ಕೂಟ 20ರಿಂದ 27ರವರೆಗೆ. ಅದರ ನಡುವೆ, 23ರಂದು, ಮಾಸ್ಕೋದಲ್ಲಿ ಜರ್ಮನಿ ಮತ್ತು ರಷ್ಯಗಳ ಒಪ್ಪಂದಕ್ಕೆ ಸಹಿ ಬಿತ್ತು. ಆಟ ಮುಗಿದ ಐದನೆಯ ದಿನ ಜರ್ಮನ್ ಸೇನೆ ಪೋಲೆಂಡಿನೊಳಕ್ಕೆ ನುಗ್ಗಿತು. ಹದಿನೈದು ವರ್ಷಗಳ ಹಿಂದೆ ಎರಡನೆಯ ಕೂಟಕ್ಕೆ ಆತಿಥ್ಯ ನೀಡಿದ್ದ ವಾರ್ಸಾದ ಮೇಲೆ ಬಾಂಬುಗಳು ಬಿದ್ದುವು. ಮೈದಾನದಲ್ಲಿ ಪಕ್ಕಪಕ್ಕದಲ್ಲಿ ಓಡಿದವರು ಬೇರೆ ಬೇರೆ ಸಮವಸ್ತ್ರ ತೊಟ್ಟರು. ಪೆತಿಜಾಂನ ಹಟ ಇದನ್ನು ತಡೆಯಲಿಲ್ಲ. ತಡೆಯಬೇಕಾಗಿತ್ತೆಂದು ಓಟಗಾರರ ಮೇಲೆ ಹೊರಿಸುವುದೂ ನ್ಯಾಯವಲ್ಲ. ಮಂತ್ರಿಗಳಿಗೂ ಸೇನಾಪತಿಗಳಿಗೂ ಆಗದಿದ್ದ ಕೆಲಸವದು.

ಯುದ್ಧ ಮುಗಿದು 1947ರಲ್ಲಿ ಪ್ಯಾರಿಸ್ಸಿನಲ್ಲಿ ಕೂಟ ಮರಳಿತು. ಒಡಕೂ ಮರಳಿತು, ಈ ಬಾರಿ ಪೂರ್ವ ಪಶ್ಚಿಮಗಳ ನಡುವೆ. ಬೇರೆ ಬೇರೆ ಸಂಘ, ಬೇರೆ ಬೇರೆ ಕೂಟ. 1957ರಲ್ಲಿ ಪ್ಯಾರಿಸ್ಸಿನಲ್ಲಿ ಎರಡೂ ಕಡೆಯವರು ಕೂಡಿ ಓಡಿದ ಬಳಿಕವೇ ದಾರಿ ತೆರೆಯಿತು. 1959ರಲ್ಲಿ ವಿದ್ಯಾರ್ಥಿಗಳು ಟ್ಯೂರಿನ್ನಿಗೆ, ಬೆಕ್ಕಾಲಿ ಓಡಿದ ಅದೇ ಅಂಗಣಕ್ಕೆ ಬಂದರು. ಗೋಡೆಯ ಮೇಲಿದ್ದ ಹೆಸರು ಎಂದೋ ಹೋಗಿ ಅದು ನಗರದ ಅಂಗಣವಾಗಿತ್ತು. ಗೆದ್ದವರು ಪೀಠವೇರಿದಾಗ ಯಾವ ದೇಶದ ರಾಷ್ಟ್ರಗೀತೆಯನ್ನೂ ನುಡಿಸಲಿಲ್ಲ. ರಷ್ಯದವನಿಗೂ ಇಟಲಿಯವನಿಗೂ ನುಡಿಸಿದ್ದು ಒಂದೇ ಹಾಡು, ಯೂರೋಪಿನ ವಿದ್ಯಾರ್ಥಿಗಳು ತಲೆತಲಾಂತರದಿಂದ ಹಾಡಿಕೊಂಡು ಬಂದ ಲ್ಯಾಟಿನ್ ಗೀತೆ.