ಮೆದುಳು, ವಿಷ ಮತ್ತು ಪ್ರಯೋಗಪ್ರಾಣಿ

ಔಷಧಗಳೂ ವಿಷದ್ರವ್ಯಗಳೂ ಮೆದುಳಿನ ಮೇಲೆ ಮಾಡುವ ಪರಿಣಾಮವನ್ನು ಪ್ರಾಣಿಗಳಲ್ಲಿ ಪರೀಕ್ಷಿಸಿ ತಿಳಿಯುವ ಶಾಸ್ತ್ರವನ್ನು ಕುರಿತು ಈಚೆಗೆ ಎರಡು ಮಾತುಗಳು ವಿದ್ಯಾವಂತರ ಬಾಯಲ್ಲಿ ಸಲೀಸಾಗಿ ಬರುತ್ತಿವೆ. ಇಲಿಯು ಮನುಷ್ಯನಲ್ಲವಾದುದರಿಂದ ಅದರ ಮೆದುಳಿಗೆ ಒದಗಿದ ಕೇಡಿನಿಂದ ನಮ್ಮ ವಿಚಾರವಾಗಿ ತಿಳಿಯತಕ್ಕದ್ದು ಏನೂ ಇಲ್ಲ ಎಂಬುದು ಒಂದು; ಯಾವ ಸೊಪ್ಪಿನ ರಸವು ಇಲಿಯ ಮೆದುಳನ್ನು ಕಾಪಾಡಿತೋ ಅದು ನಾಳೆ ನಮ್ಮನ್ನೂ ಕಾಪಾಡುವುದು ನಿಶ್ಚಯ ಎಂಬುದು ಇನ್ನೊಂದು. ಮೇಲ್ನೋಟಕ್ಕೆ ಪರಸ್ಪರ ವಿರುದ್ಧವಾದ ಈ ಮಾತುಗಳೆರಡೂ ಹುಟ್ಟಿರುವುದು ಒಂದೇ ಬೇರಿನಿಂದ: ಒಂದು ಜಾತಿಗೂ ಮತ್ತೊಂದಕ್ಕೂ, ಮರಿಗೂ ಬೆಳೆದುದಕ್ಕೂ, ಗಂಡಿಗೂ ಹೆಣ್ಣಿಗೂ ಇರುವ ಭೇದವನ್ನು ಮೊದಲನೆಯವರು ಶಾಸ್ತ್ರದ ಸೋಲೆಂದೇ ಎಣಿಸಿದರೆ, ಎರಡನೆಯವರು ಭೇದವೇ ಇಲ್ಲವೆಂಬಂತೆ ನಡೆಯುತ್ತಾರೆ. ಆಯುಷ್ಯದ ಬಹುಭಾಗವನ್ನು ಈ ಶಾಸ್ತ್ರದಲ್ಲಿಯೇ ಕಳೆದ ನನಗೆ ಅದರ ಚರಿತ್ರೆಯು ಬೇರೆಯದನ್ನೇ ಹೇಳುತ್ತದೆ: ಇಲ್ಲಿ ದೊರೆತ ಜ್ಞಾನದ ಉತ್ತಮಾಂಶವೆಲ್ಲ ಆ ಭೇದವನ್ನೇ ಪ್ರಶ್ನೆಯಾಗಿ ಹಿಡಿದು ಕಾರಣವನ್ನು ಶೋಧಿಸಿದವರಿಂದ ಬಂದುದಾಗಿದೆ.

ಆದಿಕಾಲವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಫ್ರಾನ್ಸಿನ ಕ್ಲಾದ್ ಬರ್ನಾರನು ದಕ್ಷಿಣ ಅಮೆರಿಕದ ಬೇಟೆಗಾರರು ಬಾಣದ ತುದಿಗೆ ಬಳಿಯುತ್ತಿದ್ದ ಕ್ಯುರಾರೆ ವಿಷವನ್ನು ಕಪ್ಪೆಗೆ ಕೊಡುವ ಮುನ್ನ ಅದರ ಒಂದು ಹಿಂಗಾಲಿಗೆ ರಕ್ತ ಹರಿಯದಂತೆ ದಾರ ಬಿಗಿದನು. ಉಳಿದ ಮೈಯೆಲ್ಲ ನಿಶ್ಚೇಷ್ಟವಾದ ಬಳಿಕ ಆ ನಿಶ್ಚೇಷ್ಟ ಭಾಗದ ಚರ್ಮವನ್ನು ಚಿವುಟಿದಾಗ, ದಾರ ಬಿಗಿದಿದ್ದ ಕಾಲು ಮಾತ್ರ ಸೆಳೆದುಕೊಂಡಿತು. ಸ್ಪರ್ಶವನ್ನರಿಯುವ ನರಗಳೂ ಬೆನ್ನುಹುರಿಯೂ ಸ್ವಸ್ಥವಾಗಿವೆ, ಕೆಟ್ಟಿರುವುದು ಚಾಲಕ ನರವು ಸ್ನಾಯುವಿಗೆ ಆಜ್ಞೆಯನ್ನು ಮುಟ್ಟಿಸುವ ಕಡೆಯಲ್ಲಿ ಎಂಬುದು ಅಷ್ಟರಿಂದಲೇ ಸಿದ್ಧವಾಯಿತು. 1889ರಲ್ಲಿ ಕೇಂಬ್ರಿಜ್‌ನ ಲ್ಯಾಂಗ್ಲಿಯೂ ಡಿಕಿನ್ಸನ್ನನೂ ತಂಬಾಕಿನ ಸತ್ತ್ವವಾದ ನಿಕೋಟಿನ್ನನ್ನು ನರಗ್ರಂಥಿಗಳಿಗೆ ಲೇಪಿಸಿ, ಅದು ನರಸಂಧಿಯನ್ನು ತಡೆಯುವುದನ್ನು ತೋರಿಸಿದರು. ಕೋಶದ ಮೇಲೆ ವಿಷವನ್ನು ಬರಮಾಡಿಕೊಳ್ಳುವ ಗ್ರಾಹಕ ವಸ್ತುವೊಂದಿರಬೇಕೆಂದು ಲ್ಯಾಂಗ್ಲಿಯು 1905ರಲ್ಲಿ ಊಹಿಸಿದ್ದೂ ಈ ನಿಕೋಟಿನ್ನಿನ ಪ್ರಯೋಗಗಳಿಂದಲೇ. 1921ರಲ್ಲಿ ಲೋವಿಯು ಒಂದು ಕಪ್ಪೆಯ ಹೃದಯವನ್ನು ತೋಯಿಸಿದ ದ್ರವದಿಂದ ಇನ್ನೊಂದರ ಬಡಿತವನ್ನು ನಿಧಾನಗೊಳಿಸಿ, ನರಗಳು ರಾಸಾಯನಿಕಗಳ ಮೂಲಕ ಮಾತಾಡುತ್ತವೆಂದು ಸ್ಥಾಪಿಸಿದ ಮೇಲೆ, ಮೆದುಳಿನ ವಿಷವಿಜ್ಞಾನಕ್ಕೆ ಬೇಕಾದ ತಳಹದಿ ಸಿದ್ಧವಾಗಿದ್ದಿತು.

ಈ ತಳಹದಿಯ ಮೇಲೆ ಭಾರತದಿಂದ ಹೋದ ಮೊದಲ ದೊಡ್ಡ ಕೊಡುಗೆ ಸರ್ಪಗಂಧದ ಬೇರು. ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಅದರ ಉಪಯೋಗವನ್ನು ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು 1931ರಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಸಂಸ್ಥೆಯ ರಸಾಯನಜ್ಞರು ಅದರಿಂದ ರೆಸರ್ಪಿನ್ನನ್ನು ಬೇರ್ಪಡಿಸಿದರು. ಅದನ್ನು ಕೊಟ್ಟ ಮೊಲಗಳ ಮೆದುಳಿನಲ್ಲಿ ಸೆರಟೋನಿನ್ ಬರಿದಾಗುವುದನ್ನು 1955ರಲ್ಲಿ ಬ್ರೋಡಿಯ ಬಳಗವು ಕಂಡಿತು. ರೆಸರ್ಪಿನ್ನಿನಿಂದ ಜಡವಾಗಿ ಕುಸಿದು ಕುಳಿತ ಪ್ರಾಣಿಗಳು ಎಲ್-ಡೋಪಾ ಕೊಟ್ಟೊಡನೆ ಎದ್ದು ಓಡಾಡುವುದನ್ನು 1957ರಲ್ಲಿ ಸ್ವೀಡನ್ನಿನ ಕಾರ್ಲ್ಸನ್ ತೋರಿಸಿದನು. ಕಂಪವಾತಕ್ಕೆ ಇಂದಿಗೂ ಕೊಡುತ್ತಿರುವ ಮುಖ್ಯ ಔಷಧದ ಮೂಲವು ಆ ಪ್ರಯೋಗದಲ್ಲಿದೆ. 2000ನೆಯ ಇಸವಿಯ ನೊಬೆಲ್ ಪಾರಿತೋಷಕದಲ್ಲಿ ಕಾರ್ಲ್ಸನ್ನನಿಗೆ ಪಾಲು ದೊರೆತುದೂ ಇದೇ ಕಾರ್ಯಕ್ಕಾಗಿ.

ಗ್ರಂಥಗಳು ಸಾಮಾನ್ಯವಾಗಿ ಇಲ್ಲಿಂದ ಮುಂದೆ ಅಮೆರಿಕ, ಯುರೋಪುಗಳ ಕಥೆಯನ್ನೇ ಹೇಳುತ್ತವೆ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಓದಿದ ತರುಣರಿಗೂ ಅಷ್ಟೇ ಗೊತ್ತು. ಆದರೆ ಆ ಕಾಲದಲ್ಲಿಯೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ಒಂದು ಶೋಧನೆ ನಡೆದಿದ್ದಿತು. ನನ್ನ ಮಟ್ಟಿಗೆ ನಮ್ಮ ನಾಡಿನ ವಿಷವಿಜ್ಞಾನದ ಶಿಖರವು ಅದೇ. ಮಧ್ಯಪ್ರದೇಶದ ರೀವಾ, ಸತ್ನಾ ಮುಂತಾದ ಕಡೆಗಳಲ್ಲಿ ಬರ ಬಿದ್ದ ವರ್ಷ ಕೇಸರಿ ಬೇಳೆಯನ್ನೇ ತಿಂಗಳುಗಟ್ಟಲೆ ಉಂಡ ಬಡವರು, ಅದರಲ್ಲಿಯೂ ದುಡಿಯುವ ವಯಸ್ಸಿನ ಗಂಡಸರು, ಕಾಲು ಸೆಟೆದು ಜೀವಮಾನವೆಲ್ಲ ಕೋಲೂರಿ ನಡೆಯುವ ಸ್ಥಿತಿಗೆ ಬರುತ್ತಿದ್ದರು. ಬೇಳೆಯೇ ಕಾರಣವೆಂದು ಲೋಕಕ್ಕೆ ಗೊತ್ತಿದ್ದಿತು. ಬೇಳೆಯೊಳಗಿನ ಯಾವ ದ್ರವ್ಯವೆಂಬುದು ಗೊತ್ತಿರಲಿಲ್ಲ. ಬೆಳೆದ ಇಲಿಗಳಿಗೆ ಬೇಳೆಯ ಸಾರವನ್ನು ಎಷ್ಟು ಕೊಟ್ಟರೂ ಅವು ಸುಖವಾಗಿಯೇ ಇರುತ್ತಿದ್ದುದರಿಂದ ಪರೀಕ್ಷೆಗೆ ಉಪಾಯವೇ ತೋರುತ್ತಿರಲಿಲ್ಲ.

ಎಸ್. ಎಲ್. ಎನ್. ರಾವ್, ಪೆರ್ಡೂರು ರಾಧಾಕಾಂತ ಅಡಿಗ ಮತ್ತು ಅವರಿಬ್ಬರಿಗೂ ಹಿರಿಯರಾದ ಪಿ. ಎಸ್. ಶರ್ಮ ಇವರು ಆಗ ಹಿಡಿದದ್ದು ಒಂದು ದಿನದ ಕೋಳಿಮರಿಯನ್ನು. ಸಾರವನ್ನು ಭಾಗಭಾಗವಾಗಿ ಬೇರ್ಪಡಿಸಿ ಒಂದೊಂದನ್ನೂ ಮರಿಯ ಹೊಟ್ಟೆಗೆ ಚುಚ್ಚುವರು. ವಿಷವಿದ್ದ ಭಾಗವು ಸೇರಿದ ಮರಿಯು ಕತ್ತನ್ನು ಹಿಂದಕ್ಕೆ ಸೆಟೆಸಿ, ತಲೆಯನ್ನು ತಿರುಚಿ, ಕಾಲು ನಿಲ್ಲದೆ ಮಗ್ಗುಲಾಗಿ ಬಿದ್ದು ಒದ್ದಾಡುವುದು. ವಿಷವಿಲ್ಲದ ಭಾಗವು ಸೇರಿದುದು ಎಂದಿನಂತೆ ಓಡಾಡುವುದು. ಈ ಲಕ್ಷಣವನ್ನೇ ಅಳತೆಗೋಲಾಗಿ ಹಿಡಿದು ಮುಂದುವರಿದು 1964ರಲ್ಲಿ ಅವರು ಓಡಾಪ್ ಎಂದು ಈಗ ಕರೆಯಲಾಗುವ ಅಮೈನೊ ಆಮ್ಲವನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿ ಅದರ ರಚನೆಯನ್ನು ಲೋಕದ ಮುಂದಿಟ್ಟರು. 1967ರಲ್ಲಿ ಬೆಂಗಳೂರಿನ ನರರೋಗತಜ್ಞ ಕೆ. ಎಸ್. ಮಣಿ ಮೊದಲಾದವರೊಡಗೂಡಿ ಅದೇ ದ್ರವ್ಯವನ್ನು ಮಂಗಗಳ ಬೆನ್ನುಹುರಿಯ ದ್ರವಕ್ಕೇ ನೇರವಾಗಿ ಸೇರಿಸಿ, ಹಿಂಗಾಲುಗಳು ಸೋಲುವುದನ್ನು ಕಂಡರು. ಬೆಳೆದ ಇಲಿಯಲ್ಲಿ ವಿಷವು ನಿಷ್ಫಲವಾದುದು, ರಕ್ತದಿಂದ ಮೆದುಳಿಗೆ ಹೋಗುವ ದಾರಿಯನ್ನು ಕಾಯುವ ತಡೆಯು ಅದರಲ್ಲಿ ಬಲಿತಿರುವುದರಿಂದ ಎಂಬುದು ಮುಂದೆ ಜಿ. ಪದ್ಮನಾಭನ್ ಮುಂತಾದವರೊಡನೆ ನಡೆದ ಕಾರ್ಯದಿಂದ ವಿಶದವಾಯಿತು. ಇಲಿಯು ಸುಮ್ಮನಿದ್ದುದನ್ನು ಕಂಡು ಕೈಬಿಡದೆ, ಯಾಕೆ ಸುಮ್ಮನಿದೆ ಎಂದು ಕೇಳಿದ್ದರಿಂದ ಬಂದ ಫಲವಿದು.

ಈ ಪರಂಪರೆಯ ಎರಡನೆಯ ತಲೆಮಾರು ಬೆಳೆದದ್ದು, 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೆಂದು ಪ್ರಾರಂಭವಾಗಿ 1974ರಲ್ಲಿ ಹೊಸ ರೂಪ ಪಡೆದ ನಿಮ್ಹಾನ್ಸಿನಲ್ಲಿ. ಅಲ್ಲಿ ಟಿ. ದೇಸಿರಾಜು ಅವರ ಬಳಗವು ಪಾದರಸದ ಲವಣವು ಬೆಳೆಯುವ ಇಲಿಮರಿಗಳ ಮೆದುಳಿನ ರಾಸಾಯನಿಕಗಳನ್ನು ಏರುಪೇರು ಮಾಡುವ ರೀತಿಯನ್ನು ಭಾಗಭಾಗವಾಗಿ ಅಳೆಯಿತು, ಎಂ. ಎನ್. ಸುಭಾಷ್ ಮುಂತಾದವರು ಮ್ಯಾಂಗನೀಸಿನ ವಿಷಯದಲ್ಲಿ ಅದೇ ಕ್ರಮವನ್ನು ಹಿಡಿದರು. ಮೆದುಳನ್ನು ಮಂಜುಗಡ್ಡೆಯ ಮೇಲಿನ ಗಾಜಿನ ಫಲಕದಲ್ಲಿಟ್ಟು, ಅದು ಬೆಚ್ಚಗಾಗುವುದರೊಳಗೆ ಉಪಮಸ್ತಿಷ್ಕ, ಹಿಪ್ಪೊಕ್ಯಾಂಪಸ್, ಸ್ಟ್ರಯೇಟಮ್ಮುಗಳನ್ನು ಬೇರ್ಪಡಿಸಿ, ಅರೆದು, ಎಲ್‌ಮನ್ನನು 1961ರಲ್ಲಿ ಕೊಟ್ಟ ವಿಧಾನದಂತೆ ಕೊಳವೆಯಲ್ಲಿ ಹಳದಿ ಬಣ್ಣವೇರುವ ವೇಗವನ್ನು ನೋಡಿ ಕೋಲಿನೆಸ್ಟರೇಸ್ ಕಿಣ್ವದ ಬಲವನ್ನು ಅಳೆಯುವ ಕೆಲಸವನ್ನು ಕೈಯಾರೆ ಮಾಡಿದವನಿಗೆ ಒಂದು ವಿಷಯವು ಮರೆಯುವಂತಿಲ್ಲ: ಒಂದೇ ಇಲಿಯ ಒಂದು ಭಾಗದಲ್ಲಿ ಬಣ್ಣವು ಮಂಕಾಗಿ ಏರುತ್ತಿರುವಾಗ ಪಕ್ಕದ ಭಾಗದಲ್ಲಿ ಎಂದಿನಂತೆಯೇ ಏರುವುದುಂಟು. ವಿಷವು ಮೆದುಳನ್ನು ಒಟ್ಟಾಗಿ ಹೊಡೆಯುತ್ತದೆಂಬ ಸ್ಥೂಲಕಲ್ಪನೆಯು ಅಲ್ಲಿಯೇ ಕರಗಿಹೋಗುತ್ತದೆ.

ಅದೇ ಸಂಸ್ಥೆಯಲ್ಲಿ ವಿಜಯಲಕ್ಷ್ಮಿ ರವೀಂದ್ರನಾಥ್ ಅವರು ಎಸ್. ಕೆ. ಶಂಕರ್ ಮೊದಲಾದವರೊಂದಿಗೆ, ಔಷಧವನ್ನು ಪರಿವರ್ತಿಸುವ ಸೈಟೊಕ್ರೋಮ್ ಪಿ-450 ಕಿಣ್ವಗಳು ಯಕೃತ್ತಿನಲ್ಲಿ ಮಾತ್ರವಲ್ಲದೆ ಮೆದುಳಿನಲ್ಲಿಯೂ ಇವೆಯೆಂದು 1989ರಲ್ಲಿ ಮಾನವ ಮೆದುಳಿನಲ್ಲಿ ತೋರಿಸಿದುದು, ನುಂಗಿದ ಮಾತ್ರೆಯು ತಲೆಯೊಳಗೆ ಮತ್ತೊಂದು ದ್ರವ್ಯವಾಗಬಹುದೆಂಬ ಅರಿವನ್ನು ಕೊಟ್ಟಿತು. ಅನಂತರ ಅವರು ಕೇಸರಿ ಬೇಳೆಯ ಹಳೆಯ ಪ್ರಶ್ನೆಗೇ ಮರಳಿದರು. ಓಡಾಪ್ ಕೊಟ್ಟ ಸುಂಡಿಲಿಗಳಲ್ಲಿ ಮೈಟೊಕಾಂಡ್ರಿಯದ ಒಂದನೆಯ ಸಂಕೀರ್ಣವು ಶಕ್ತಿಗುಂದುವುದು ಚಲನೆಗೆ ಸಂಬಂಧಿಸಿದ ಮೆದುಳಿನ ತೊಗಟೆಯಲ್ಲಿ ಮತ್ತು ಸೊಂಟದ ಬೆನ್ನುಹುರಿಯಲ್ಲಿ, ಎಂದರೆ ರೋಗಿಯು ಸೋತ ಎಡೆಯಲ್ಲಿಯೇ, ಎಂದು 1998ರಲ್ಲಿ ತೋರಿತು. ಮುಂದೆ ಹೆಣ್ಣು ಸುಂಡಿಲಿಗಳು ಈ ಹಾನಿಯನ್ನು ತಡೆದುಕೊಳ್ಳುವುದೂ, ಅದಕ್ಕೆ ಗ್ಲುಟರೆಡಾಕ್ಸಿನ್ ಎಂಬ ಪ್ರೋಟೀನು ಕಾರಣವಾಗಿರುವುದೂ ಗೊತ್ತಾಯಿತು. ಗಂಡಸರಿಗೇ ಈ ರೋಗ ಹೆಚ್ಚು ಎಂದು ಹಳ್ಳಿಗಳಲ್ಲಿ ಕಂಡುದಕ್ಕೆ ಅರ್ಥವನ್ನು ಹೇಳಿದುದು ಪಂಜರದ ಹೆಣ್ಣುಪ್ರಾಣಿ. ಗಂಡುಗಳನ್ನು ಮಾತ್ರ ಸಾಕಿದ ಪ್ರಯೋಗಶಾಲೆಗೆ ಆ ಉತ್ತರ ಎಂದಿಗೂ ದೊರೆಯುತ್ತಿರಲಿಲ್ಲ.

ಇತರ ದೇಶಗಳ ಅನುಭವವೂ ಇದಕ್ಕೆ ಸಾಕ್ಷಿ ನುಡಿಯುತ್ತದೆ. ಕೆಲವು ಆರ್ಗನೊಫಾಸ್ಫೇಟ್ ವಿಷಗಳು ವಾರಗಳ ಮೇಲೆ ಕಾಲಿನ ನರಗಳನ್ನು ಕೆಡಿಸುವ ರೀತಿ ಬೆಳೆದ ಕೋಳಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ, ಇಲಿಯಲ್ಲಿ ಹಾಗೆ ಕಾಣದು. 1982ರಲ್ಲಿ ಕ್ಯಾಲಿಫೋರ್ನಿಯದ ಮಾದಕ ವ್ಯಸನಿಗಳಲ್ಲಿ ಕಂಪವಾತದ ಲಕ್ಷಣವನ್ನು ತಂದ ಎಂಪಿಟಿಪಿಯು ಮಂಗವನ್ನು ಕೆಡಿಸಿದರೆ ಇಲಿಯು ಬಹುಮಟ್ಟಿಗೆ ತಡೆದುಕೊಳ್ಳುತ್ತದೆ. ನಮ್ಮಲ್ಲಿಯಾದರೋ, 1958ರಲ್ಲಿ ಹಡಗಿನಲ್ಲಿ ಚೆಲ್ಲಿದ ಪ್ಯಾರಥಿಯಾನ್ ಕೀಟನಾಶಕವು ಆಹಾರಕ್ಕೆ ಬೆರೆತು ಕೇರಳದಲ್ಲಿ ನೂರಕ್ಕೂ ಮಿಕ್ಕಿ ಜನರು ಸತ್ತ ಮೇಲೆ 1968ರ ಕೀಟನಾಶಕ ಕಾಯಿದೆಯು ಬಂದಿತು. ಆದರೆ ಆ ದುರಂತವು ನಮ್ಮ ಮನಸ್ಸಿನಲ್ಲಿ ಉಳಿಸಿದ ಚಿತ್ರವು ಒಮ್ಮೆಗೇ ಕೊಲ್ಲುವ ದೊಡ್ಡ ಪ್ರಮಾಣದ ವಿಷದ್ದು. ಸ್ವಲ್ಪ ಸ್ವಲ್ಪವಾಗಿ ವರ್ಷಗಟ್ಟಲೆ ಸೇರುವುದರ ವಿಚಾರವು ಹಿಂದೆ ಬಿದ್ದಿತು.

ಈಗ ನಮ್ಮಲ್ಲಿ ಬಹುವಾಗಿ ನಡೆಯುತ್ತಿರುವುದು ಇನ್ನೊಂದು ಬಗೆ. ಗಂಡು ಇಲಿಗೆ ಅಲ್ಯೂಮಿನಿಯಂ, ಸೀಸ ಅಥವಾ ರೊಟಿನೋನನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟು, ಜೊತೆಗೆ ಒಂದು ಸಸ್ಯದ ಸಾರವನ್ನು ಕೊಟ್ಟು, ಆಕ್ಸಿಡೀಕರಣದ ನಾಲ್ಕು ಸೂಚ್ಯಂಕಗಳು ತಗ್ಗಿದವೆಂದು ಬರೆದು ಮುಗಿಸುವುದು. ಇದರಲ್ಲಿ ಒಳ್ಳೆಯ ಕೆಲಸವಿಲ್ಲವೆಂದಲ್ಲ: ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ ಮುರಳೀಧರ ಮತ್ತು ರವಿಕುಮಾರ ಹೊಸಮನಿ ಅವರು ನೀರುಬ್ರಾಹ್ಮಿಯನ್ನು ರೊಟಿನೋನಿಗೆ ಎದುರಾಗಿ ಪರೀಕ್ಷಿಸಿದಾಗ ಹಣ್ಣುನೊಣವನ್ನು ಹಿಡಿದು, ಅದು ಗಾಜಿನ ಕೊಳವೆಯ ಗೋಡೆಯನ್ನು ಏರಬಲ್ಲುದೇ ಎಂಬುದನ್ನೂ ನೋಡಿದರು, ಕಿಣ್ವದ ಅಂಕೆಗೂ ಜೀವಿಯ ನಡೆಗೂ ಸಂಬಂಧವನ್ನು ಹುಡುಕುವ ಆ ಎಚ್ಚರವು ಅನುಕರಣೀಯ. ಅದಿಲ್ಲದ ಪ್ರಬಂಧಗಳ ರಾಶಿಯಿಂದ ಶಾಸ್ತ್ರವು ಮುಂದೆ ಹೋಗದು.

ನಾನು ಹುಟ್ಟಿ ಬೆಳೆದ ಕಣಗಲಾದ ಸೀಮೆಯನ್ನು ನೋಡಿದರೆ ಕೊರತೆಯ ಸ್ವರೂಪ ತಿಳಿಯುತ್ತದೆ. ಹೆದ್ದಾರಿಯಲ್ಲಿ ಸಂಕೇಶ್ವರ ಒಂದು ಕಡೆಗೆ, ನಿಪ್ಪಾಣಿ ಇನ್ನೊಂದು ಕಡೆಗೆ. ನಿಪ್ಪಾಣಿಯ ಬೀಡಿ ತಂಬಾಕಿನ ವಖಾರಿಗಳಲ್ಲಿ ಎಲೆಯನ್ನು ಬಡಿದು, ಜರಡಿಯಾಡಿ, ಚೀಲಕ್ಕೆ ತುಂಬುವವರು ಬಹುಪಾಲು ಹೆಣ್ಣುಮಕ್ಕಳು. ಮೂಗು ಬಾಯಿಗೆ ಸೆರಗು ಕಟ್ಟಿಕೊಂಡರೂ ಧೂಳು ಒಳಗೆ ಹೋಗದಿರದು, ಚರ್ಮದಿಂದಲೂ ನಿಕೋಟಿನ್ ರಕ್ತಕ್ಕೆ ಸೇರುತ್ತದೆ, ಸುಟ್ಟ ತಂಬಾಕಿನ ಮಿಶ್ರಿಯಿಂದ ಹಲ್ಲುಜ್ಜುವ ರೂಢಿಯು ಅದಕ್ಕೆ ಇನ್ನಷ್ಟನ್ನು ಕೂಡಿಸುತ್ತದೆ. ಅವರ ಮನೆಯ ಕಬ್ಬಿನ ಹೊಲಕ್ಕೆ ಗೆದ್ದಲಿನ ಸಲುವಾಗಿ ಕ್ಲೋರ್‌ಪೈರಿಫಾಸ್ ಹೋಗುತ್ತದೆ. ಇಂಥ ತಾಯಿ ಬಸುರಿಯಾದಾಗ ಹೊಟ್ಟೆಯ ಕೂಸಿನ ಮೆದುಳಿಗೆ ಏನಾಗುತ್ತದೆ?

ಪ್ರಶ್ನೆಯು ಪರೀಕ್ಷೆಗೆ ಅಸಾಧ್ಯವಾದುದಲ್ಲ. ತಂಬಾಕು ಬೆಳೆಯುವ ಸೀಮೆಯೇ ಆದ ಉತ್ತರ ಕ್ಯಾರೊಲೈನಾದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಥಿಯೋಡರ್ ಸ್ಲಾಟ್ಕಿನ್ ಅವರು 1980ರ ದಶಕದಿಂದ, ಬಸುರಿ ಇಲಿಗಳ ಚರ್ಮದಡಿಯಲ್ಲಿ ಚಿಕ್ಕ ಪಂಪನ್ನಿಟ್ಟು ನಿಕೋಟಿನ್ನನ್ನು ಎಡೆಬಿಡದೆ ಹರಿಸಿ, ಮರಿಗಳ ತೂಕ ಕುಂದದ ಪ್ರಮಾಣದಲ್ಲಿಯೂ ಮೆದುಳಿನ ಕೋಶಗಳ ಬೆಳವಣಿಗೆ ಕೆಡುವುದನ್ನು ತೋರಿಸಿದರು. ಹುಟ್ಟಿದ ಮರಿಗಳಿಗೆ ಕ್ಲೋರ್‌ಪೈರಿಫಾಸ್ ಕೊಟ್ಟು, ಕೋಲಿನೆಸ್ಟರೇಸ್ ಅಷ್ಟಾಗಿ ತಗ್ಗದ ಪ್ರಮಾಣದಲ್ಲಿಯೂ ಅಂಥ ಹಾನಿಯಿದೆಯೆಂದು ಕಂಡರು. ನಮ್ಮ ಹೆಣ್ಣುಮಕ್ಕಳ ಮೈಗೆ ಎರಡೂ ಒಟ್ಟಿಗೇ ಸೇರುತ್ತವೆ. ಆದರೆ ನಮ್ಮ ಪಂಜರಗಳಲ್ಲಿರುವುದು ಬಹುತೇಕ ಬೆಳೆದ ಗಂಡು ಇಲಿ, ಅದಕ್ಕೆ ಕೊಡುವುದು ಒಂದೇ ವಿಷ, ಅದೂ ಕೆಲವು ವಾರಗಳ ಕಾಲ.

ಪ್ರಾಣಿಗಳನ್ನು ಹೆಚ್ಚಿಸಬೇಕೆಂದು ನಾನು ಹೇಳುತ್ತಿಲ್ಲ. 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯೂ ಅದರಡಿಯಲ್ಲಿ 1998ರಲ್ಲಿ ಬಂದ ನಿಯಮಗಳೂ ವಿಧಿಸುವ ಮಿತಿಯು ಧರ್ಮವಾದುದೇ ಆಗಿದೆ. ನಾವು ಕೊಲ್ಲುವ ಒಂದೊಂದು ಜೀವವೂ ಒಂದು ಪ್ರಶ್ನೆಗೆ ಉತ್ತರ ಕೊಡಬೇಕೆಂಬುದೇ ಅದರ ತಾತ್ಪರ್ಯ. ಅಷ್ಟೇ ಸಂಖ್ಯೆಯ ಪ್ರಾಣಿಗಳಲ್ಲಿ ಹೆಣ್ಣನ್ನೂ ಮರಿಯನ್ನೂ ಬಸುರಿಯನ್ನೂ ಸೇರಿಸುವುದಕ್ಕೆ, ವಖಾರಿಯ ಕೆಲಸಗಾರ್ತಿಯ ರಕ್ತದಲ್ಲಿ ಅಳೆದ ಪ್ರಮಾಣವನ್ನೇ ಪ್ರಯೋಗದ ಪ್ರಮಾಣವಾಗಿ ಹಿಡಿಯುವುದಕ್ಕೆ ಬೇಕಾದುದು ಸಂಕಲ್ಪ. ಧಾರವಾಡವೂ ಬೆಳಗಾವಿಯೂ ನಿಪ್ಪಾಣಿಯಿಂದ ದೂರವಿಲ್ಲ. ಎರಡೂ ಊರುಗಳಲ್ಲಿ ವಿಶ್ವವಿದ್ಯಾಲಯಗಳಿವೆ, ವೈದ್ಯಕೀಯ ಕಾಲೇಜುಗಳಿವೆ, ಓದಿದ ತರುಣರಿದ್ದಾರೆ. ರೀವಾದ ಬಡವರ ಕಾಲಿನ ಪ್ರಶ್ನೆಯನ್ನು ಬೆಂಗಳೂರು ತನ್ನದೆಂದು ಎತ್ತಿಕೊಂಡು ಜಗತ್ತಿಗೆ ಉತ್ತರ ಕೊಟ್ಟಿತು. ತಮ್ಮ ಬಾಗಿಲ ಮುಂದಿನ ಹೆಣ್ಣುಮಕ್ಕಳ ಮತ್ತು ಅವರ ಕೂಸುಗಳ ಪ್ರಶ್ನೆಯನ್ನು ಈ ಎರಡು ಊರುಗಳು ಇನ್ನು ಮುಂದಕ್ಕೆ ಹಾಕತಕ್ಕದ್ದಲ್ಲ.