ಕಡತದಿಂದ ಹಂಚಿಕೆಯ ಮೆಮೊರಿಗೆ

ಹೆಸರಘಟ್ಟದ ರೈತನು ತನ್ನ ಜಮೀನಿನ ಸರ್ವೆ ನಂಬರನ್ನು ತಿಳಿಸಿದರೆ ಇಂದು ಪಹಣಿಯು ಸ್ವಲ್ಪ ಹೊತ್ತಿನಲ್ಲಿಯೇ ಅವನ ಕೈಸೇರುತ್ತದೆ. ಈ ವೇಗದ ಹಿಂದೆ ದೀರ್ಘವಾದ ಇತಿಹಾಸವೊಂದುಂಟು.

ಪೂರ್ವದಲ್ಲಿ ಗ್ರಾಮದ ಲೆಕ್ಕಪತ್ರಗಳು ಶಾನುಭೋಗರ ವಶದಲ್ಲಿದ್ದುವು. ಹುಣಿಸೆ ಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬಳಿದ ಬಟ್ಟೆಯೇ ಕಡತ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬರೆದುದನ್ನು ಅಳಿಸಿ ಮತ್ತೆ ಬರೆಯಲೂ ಬಹುದಾಗಿದ್ದಿತು. ಇಂತಹ ದಾಖಲೆಯು ಒಬ್ಬರ ಅಧೀನದಲ್ಲಿದ್ದುದರಿಂದ ನೋಡಬಯಸಿದವರೆಲ್ಲರೂ ಅವರನ್ನೇ ಕಾಯಬೇಕಾಗಿದ್ದಿತು. 1961ರ ಶಾಸನವು 1963ರಲ್ಲಿ ಜಾರಿಗೆ ಬಂದು ಪರಂಪರಾಗತ ಗ್ರಾಮಾಧಿಕಾರವು ರದ್ದಾದರೂ ಕೈಬರಹದ ಪುಸ್ತಕವು ಉಳಿಯಿತು. ಈ ಶತಮಾನದ ಆರಂಭದಲ್ಲಿ ಕರ್ನಾಟಕದ ‘ಭೂಮಿ’ ಯೋಜನೆಯು ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು.

ಆದರೆ ‘ದಾಖಲೆ ಯಾರ ಬಳಿಯಿರಬೇಕು?’ ಎಂಬ ಪ್ರಶ್ನೆಯು ಗಣಕಯಂತ್ರದೊಳಗೂ ಉಂಟು. ಯೂನಿಕ್ಸ್ ವ್ಯವಸ್ಥೆಯಲ್ಲಿ ನಡೆಯುವ ಪ್ರತಿಯೊಂದು ಪ್ರೋಸೆಸ್ಸಿಗೂ ತನ್ನದೇ ಆದ ಮೆಮೊರಿಯಿದ್ದು, ಒಂದರದನ್ನು ಇನ್ನೊಂದು ಕಾಣಲಾರದು. 1995ರಲ್ಲಿ ಬಂದ ಅಪಾಚೆ ವೆಬ್ ಸರ್ವರ್ ಇಂತಹ ಹಲವು ಪ್ರೋಸೆಸ್ಸುಗಳನ್ನು ಮೊದಲೇ ಸಿದ್ಧವಾಗಿರಿಸಿ, ಬಂದ ಕೋರಿಕೆಗಳನ್ನು ಅವುಗಳಿಗೆ ಹಂಚುತ್ತಿದ್ದಿತು. ನೂರು ಪ್ರೋಸೆಸ್ಸುಗಳು ಒಂದೇ ಪಟ್ಟಿಯ ನೂರು ಪ್ರತಿಗಳನ್ನು ಇಟ್ಟುಕೊಂಡರೆ ಮೆಮೊರಿಯು ವ್ಯರ್ಥ; ಪ್ರತಿಸಲವೂ ಡಿಸ್ಕಿನಿಂದ ಓದಿದರೆ ಕಾಲವು ವ್ಯರ್ಥ. 1983ರ ಯೂನಿಕ್ಸ್ ಸಿಸ್ಟಮ್ ಫೈವ್‌ನಲ್ಲಿದ್ದ ಹಂಚಿಕೆಯ ಮೆಮೊರಿಯು ಇದಕ್ಕೆ ಪರಿಹಾರವನ್ನು ಒದಗಿಸಿತು. ಪಟ್ಟಿಯ ಒಂದೇ ಪ್ರತಿಯನ್ನು ಎಲ್ಲ ಪ್ರೋಸೆಸ್ಸುಗಳೂ ನೇರವಾಗಿ ಓದಬಹುದು. ಸರ್ವೆ ನಂಬರಿನಂತಹ ಗುರುತಿನಿಂದಲೇ ನಮೂದಿರುವ ಸ್ಥಾನವನ್ನು ಲೆಕ್ಕಹಾಕಿ ತಲುಪಬಹುದು. 2003ರಲ್ಲಿ ಬ್ರ್ಯಾಡ್ ಫಿಟ್ಜ್‌ಪ್ಯಾಟ್ರಿಕ್ ಅವರು ರಚಿಸಿದ ಮೆಮ್‌ಕ್ಯಾಶ್‌ಡ್ ಹಲವು ಯಂತ್ರಗಳ ಮೆಮೊರಿಯನ್ನೇ ಒಂದು ಭಂಡಾರದಂತೆ ಬಳಸಲು ಅನುವುಮಾಡಿತು.

ಆದರೆ ಸಮಾನ ಸ್ವತ್ತಿಗೆ ಕಟ್ಟುಪಾಡು ಬೇಕು. ಇಬ್ಬರು ಏಕಕಾಲದಲ್ಲಿ ಒಂದೇ ನಮೂದನ್ನು ತಿದ್ದಿದರೆ ಅದು ಕೆಡುತ್ತದೆ. ಆದುದರಿಂದ ಒಬ್ಬನು ಬರೆಯುವಾಗ ಉಳಿದವರನ್ನು ತಡೆಯುವ ಬೀಗದ ಕ್ರಮವುಂಟು. ವಿದ್ಯುತ್ತು ನಿಂತರೆ ಮೆಮೊರಿಯಲ್ಲಿದ್ದುದು ಅಳಿಯುವುದರಿಂದ ಮೂಲ ದಾಖಲೆಯು ಡಿಸ್ಕಿನಲ್ಲಿ ಭದ್ರವಾಗಿರಲೇಬೇಕು. ಇವೆಲ್ಲಕ್ಕಿಂತಲೂ ಗಂಭೀರವಾದುದು ಹಳೆಯ ಪ್ರತಿಯ ದೋಷ. ಜಮೀನಿನ ಖಾತೆಯು ಬದಲಾಗಿ ಮೂಲದಲ್ಲಿ ತಿದ್ದುಪಡಿಯಾದರೂ ಮೆಮೊರಿಯ ಪ್ರತಿಯು ಹಾಗೆಯೇ ಉಳಿದರೆ, ಸರ್ವರ್ ಹಿಂದಿನ ಒಡೆಯನ ಹೆಸರನ್ನೇ ಬಹುಬೇಗ ತಿಳಿಸುತ್ತದೆ.

ಶಾನುಭೋಗರ ಕಾಲದಲ್ಲಿ ರೈತನಿಗಿದ್ದ ಕಷ್ಟವು ವಿಳಂಬ ಮಾತ್ರವಲ್ಲ. ಬರೆದುದು ನಿಜವೇ ಎಂಬ ಸಂಶಯವೂ ಹೌದು. ಹಂಚಿಕೆಯ ಮೆಮೊರಿಯು ಮೊದಲನೆಯದನ್ನು ನೀಗುತ್ತದೆ. ಎರಡನೆಯದನ್ನು ನೀಗಬೇಕಾದುದು, ಪ್ರತಿಯನ್ನು ಮೂಲದೊಡನೆ ಸದಾ ಹೊಂದಿಸಿಡುವ ಮನುಷ್ಯನ ಎಚ್ಚರಿಕೆಯೇ.